ಚಿತ್ರ ಬರೆದು ಬದುಕಬಹುದೇ?



ಹೊರನಾಡಿನ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಆಗಾಗ ತಲೆ ಎತ್ತುತ್ತದೆ. ಮಗಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ, ಕಲಾಶಾಲೆಗೆ ಸೇರುತ್ತೇನೆ ಎನ್ನುತ್ತಾಳೆ. ಅಥವಾ ನೀವೇ ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿಯುತ್ತಾ ಭಾನುವಾರ ಮಾತ್ರ ಕುಂಚ ಹಿಡಿಯುತ್ತೀರಿ. ಒಂದು ದಿನ ಕೆಲಸ ಬಿಟ್ಟು ಪೂರ್ತಿ ಇದನ್ನೇ ಮಾಡಬೇಕು, ಸಾಧ್ಯವಾದರೆ ಸ್ವಂತದ್ದೊಂದು ಪುಟ್ಟ ಗ್ಯಾಲರಿ ತೆರೆಯಬೇಕು ಎಂಬ ಆಸೆ. ಮನೆಯವರು ಕೇಳುವುದು ಒಂದೇ ಮಾತು: "ಹೊಟ್ಟೆಪಾಡಿಗೆ ಏನು ಮಾಡ್ತೀಯ?"

ಉತ್ತರವನ್ನು ಮೊದಲೇ ಹೇಳಿಬಿಡೋಣ. ಬದುಕಬಹುದು. ಆದರೆ ಮನೆ ಬಾಡಿಗೆಯ ಭಾರವನ್ನು ಮೊದಲ ದಿನದಿಂದಲೇ ಚಿತ್ರದ ಮೇಲೆ ಹೇರಬಾರದು. ಬಾಡಿಗೆಗೆ ಬೇರೊಂದು ದಾರಿ ಮಾಡಿಕೊಳ್ಳಬೇಕು, ಆ ದಾರಿಯೂ ಬಣ್ಣದ ಲೋಕಕ್ಕೆ ಹತ್ತಿರವಿದ್ದರೆ ಒಳ್ಳೆಯದು. ನಮ್ಮ ದೇಶದ ಹೆಸರಾಂತ ಕಲಾವಿದರು, ಗ್ಯಾಲರಿ ನಡೆಸಿದವರು ಹಲವರು ನಡೆದದ್ದು ಹೀಗೆಯೇ.

ದೊಡ್ಡವರು ಹೇಗೆ ಶುರು ಮಾಡಿದರು?

ಎಂ.ಎಫ್. ಹುಸೇನ್ ಅವರ ಹೆಸರು ಕೇಳದವರಿಲ್ಲ. 1930ರ ದಶಕದಲ್ಲಿ ಮುಂಬಯಿಗೆ ಬಂದ ಅವರು ಅನ್ನ ಸಂಪಾದಿಸಿದ್ದು ಸಿನಿಮಾ ಹೋರ್ಡಿಂಗ್ ಬರೆದು. ಆಮೇಲೆ ಮಕ್ಕಳ ಆಟಿಕೆ ಮತ್ತು ಪೀಠೋಪಕರಣಗಳ ವಿನ್ಯಾಸ ಮಾಡಿದರು. 1947ರಲ್ಲಿ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಸೇರುವ ಹೊತ್ತಿಗೆ ಅವರ ವಯಸ್ಸು ಮೂವತ್ತು ದಾಟಿತ್ತು. ಅವರು 1954ರಲ್ಲಿ ಬರೆದ 'ಗ್ರಾಮ ಯಾತ್ರಾ' 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಹೊತ್ತಿಗೆ ಹುಸೇನ್ ತೀರಿಕೊಂಡು 14 ವರ್ಷವಾಗುತ್ತ ಬಂದಿತ್ತು, ಚಿತ್ರ ಅವರ ಕೈಬಿಟ್ಟು ಎಷ್ಟೋ ದಶಕಗಳಾಗಿದ್ದವು. ಪತ್ರಿಕೆಯಲ್ಲಿ ಬರುವ ಕೋಟಿಗಳ ಸುದ್ದಿ ಹೆಚ್ಚಾಗಿ ಮರುಮಾರಾಟದ ಸುದ್ದಿ. ಕಲಾವಿದನ ಸಂಸಾರ ನಡೆಯುವುದು ಮೊದಲ ಮಾರಾಟದ ದುಡ್ಡಿನಲ್ಲಿ ಮತ್ತು ಪಕ್ಕದ ಕಸುಬಿನಲ್ಲಿ.

ನಮ್ಮವರೇ ಆದ ಕೆ.ಕೆ. ಹೆಬ್ಬಾರರನ್ನು ನೋಡಿ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬಯಿಯ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, 1940ರ ದಶಕದಲ್ಲಿ ಅಲ್ಲೇ ಪಾಠವನ್ನೂ ಹೇಳಿದರು. ಸಂಬಳದ ಆ ವರ್ಷಗಳಲ್ಲೂ ಚಿತ್ರ ನಿಲ್ಲಲಿಲ್ಲ. ಇನ್ನೊಂದು ವಿಷಯ ಮುಂಬಯಿ ಕೇಳುಗರು ಹೆಮ್ಮೆಯಿಂದ ನೆನೆಯಬೇಕು. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ಎದ್ದು ನಿಂತದ್ದು ಸರ್ ಕಾವಸ್‌ಜಿ ಜಹಾಂಗೀರರ ಕೊಡುಗೆಯಿಂದ. ಅದಕ್ಕಾಗಿ ಅವರ ಬೆನ್ನು ಹಿಡಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಅವರ ಜತೆಗೆ ನಮ್ಮ ಹೆಬ್ಬಾರರೂ ಇದ್ದರು. ಕಲಾವಿದರಿಗೆ ಚಿತ್ರ ಬರೆಯುವ ಕೋಣೆಯಷ್ಟೇ ಸಾಲದು, ತೋರಿಸುವ ಜಾಗವೂ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಚೆನ್ನೈ ಕೇಳುಗರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಪೂರ್ವ ಕರಾವಳಿ ರಸ್ತೆಯಲ್ಲಿ ಇಂಜಂಬಾಕ್ಕಂ ಹತ್ತಿರ ಚೋಳಮಂಡಲ ಕಲಾಗ್ರಾಮ ಇದೆಯಲ್ಲ, ಅದು 1966ರಲ್ಲಿ ಹುಟ್ಟಿದ್ದು. ಮದರಾಸಿನ ಸರಕಾರಿ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ತಮ್ಮ ಕೈಯಲ್ಲಿ ಕಲಿತ ಹುಡುಗರು ಹೊರಗೆ ಹೋದ ಮೇಲೆ ಕೆಲಸದ ಜಂಜಾಟದಲ್ಲಿ ಚಿತ್ರ ಬರೆಯುವುದನ್ನೇ ಬಿಡುತ್ತಿದ್ದರು. ಇದಕ್ಕೆ ಅವರೆಲ್ಲ ಸೇರಿ ಕಂಡುಕೊಂಡ ದಾರಿ ಕರಕುಶಲ ಕೆಲಸ. ಬಾಟಿಕ್ ಬಟ್ಟೆ, ಲೋಹದ ಕೆಲಸ, ಇಂಥವನ್ನು ಮಾಡಿ ಮಾರಿದರು. ಬಂದ ಹಣದಿಂದ ಸಮುದ್ರದ ಪಕ್ಕ ಜಾಗ ಕೊಂಡರು, ಮನೆ ಕಟ್ಟಿಕೊಂಡರು. ದಿನದ ಒಂದು ಭಾಗ ಬಾಟಿಕ್‌ಗೆ, ಉಳಿದದ್ದು ಚಿತ್ರಕ್ಕೆ. ಬಾಟಿಕ್ ಅನ್ನ ಕೊಟ್ಟದ್ದರಿಂದ ಕೊಳ್ಳುವವರಿಗೆ ಇಷ್ಟವಾಗಲಿ ಎಂದು ಚಿತ್ರವನ್ನು ತಿದ್ದುವ ಅಗತ್ಯ ಬೀಳಲಿಲ್ಲ. ಈ ಕಥೆಯ ತಿರುಳು ಇಲ್ಲೇ ಇದೆ.

ಆ ಗ್ರಾಮದ ಸ್ಥಾಪಕ ಸದಸ್ಯರಲ್ಲಿ ಒಬ್ಬರು ಮೈಸೂರಿನ ಎಸ್.ಜಿ. ವಾಸುದೇವ್. ಚಿತ್ರದ ಜತೆಗೆ ಬಾಟಿಕ್, ತಾಮ್ರದ ಉಬ್ಬುಚಿತ್ರ ಮಾಡಿದರು. 1970ರ 'ಸಂಸ್ಕಾರ' ಚಲನಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದರು. ಮುಂದೆ ಬೆಂಗಳೂರಿಗೆ ಬಂದ ಮೇಲೆ ನೇಕಾರರ ಜತೆ ಸೇರಿ ರೇಷ್ಮೆಯಲ್ಲಿ ತಮ್ಮ ಚಿತ್ರಗಳನ್ನು ನೇಯಿಸಿದರು. ಒಂದೇ ಕೈ, ಹಲವು ಮಾಧ್ಯಮ. ಒಂದು ಕಡೆ ಕೆಲಸ ಕಡಿಮೆಯಾದಾಗ ಇನ್ನೊಂದು ಕಡೆ ಇರುತ್ತದೆ, ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ನೆರವಾಗುತ್ತದೆ.

ಚಿತ್ರಕ್ಕೆ ಬೆಲೆ ಕಟ್ಟುವುದು

ಈಗ ಲೆಕ್ಕಕ್ಕೆ ಬರೋಣ. ಹೊಸಬರು ತಡವರಿಸುವುದು ಇಲ್ಲಿಯೇ. ಸ್ನೇಹಿತರು ಕೇಳಿದರೆ ಒಂದು ಬೆಲೆ, ಅಪರಿಚಿತರು ಕೇಳಿದರೆ ಇನ್ನೊಂದು. ಇದರಿಂದ ಕೊಳ್ಳುವವರ ನಂಬಿಕೆ ಹೋಗುತ್ತದೆ. ನಮ್ಮಲ್ಲಿ ಹಲವು ಕಲಾವಿದರು ಅನುಸರಿಸುವ ಸುಲಭ ಪದ್ಧತಿ ಚದರ ಇಂಚಿನ ಲೆಕ್ಕ.

ಒಂದು ಉದಾಹರಣೆ ನೋಡಿ. ನಿಮ್ಮ ಕ್ಯಾನ್ವಾಸ್ 24 ಇಂಚು ಅಗಲ, 36 ಇಂಚು ಎತ್ತರ. ಅಂದರೆ 864 ಚದರ ಇಂಚು. ಇಂಚಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಬೆಲೆ 17,280 ರೂಪಾಯಿ. ಗ್ಯಾಲರಿಯವರು ಸಾಮಾನ್ಯವಾಗಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕಮಿಷನ್ ಇಟ್ಟುಕೊಳ್ಳುತ್ತಾರೆ. ಮೂರನೇ ಒಂದು ಎಂದರೆ 5,760 ಹೋಯಿತು, ಉಳಿದದ್ದು 11,520. ಕ್ಯಾನ್ವಾಸ್, ಬಣ್ಣ, ಫ್ರೇಮ್, ಸಾಗಾಟಕ್ಕೆ 3,500 ಖರ್ಚಾಯಿತು ಅನ್ನಿ. ಕೈಗೆ ಸಿಕ್ಕಿದ್ದು 8,020. ಆ ಚಿತ್ರಕ್ಕೆ 12 ದಿನ ಕೂತಿದ್ದರೆ ದಿನಕ್ಕೆ 668 ರೂಪಾಯಿ ಬಿತ್ತು. ಅದೂ ಚಿತ್ರ ಮಾರಾಟವಾದರೆ ಮಾತ್ರ.

ಈ ಲೆಕ್ಕ ನಿಮ್ಮನ್ನು ಹೆದರಿಸಲು ಅಲ್ಲ. 17,280 ರೂಪಾಯಿ ಬಂತು ಎಂದು ಹಿಗ್ಗುವುದಕ್ಕೂ 8,020 ಬಂತು ಎಂದು ತಿಳಿದು ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಕೆಲಸ ಬಿಡುವ ಮೊದಲು ಒಂದು ವರ್ಷ ಈ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಚಿತ್ರದ ಹೆಸರು, ಅಳತೆ, ಮಾಧ್ಯಮ, ಶುರು ಮಾಡಿದ ದಿನ, ಮುಗಿಸಿದ ದಿನ, ಖರ್ಚು, ಯಾರಿಗೆ ಮಾರಿದಿರಿ, ಎಷ್ಟಕ್ಕೆ. ಜತೆಗೆ ಒಂದು ಒಳ್ಳೆಯ ಫೋಟೋ. ಮುಂದೆ ನಿಮ್ಮ ಚಿತ್ರ ಅಸಲಿ ಹೌದೋ ಅಲ್ಲವೋ ಎಂಬ ಪ್ರಶ್ನೆ ಬಂದಾಗ ಇದೇ ಪುಸ್ತಕ ಸಾಕ್ಷಿ ಹೇಳುತ್ತದೆ.

ಇನ್ನೆರಡು ಮಾತು. ದರವನ್ನು ನಿಧಾನವಾಗಿ ಏರಿಸಿ, ಒಮ್ಮೆ ಏರಿಸಿದ್ದನ್ನು ಇಳಿಸಬೇಡಿ. ಇಳಿಸಿದರೆ ಹೋದ ವರ್ಷ ಹೆಚ್ಚು ಕೊಟ್ಟು ಕೊಂಡವರಿಗೆ ಮೋಸವಾದಂತೆ ಅನ್ನಿಸುತ್ತದೆ. ಮತ್ತು ಗ್ಯಾಲರಿಯಲ್ಲಿ ತೂಗುಹಾಕಿದ ಚಿತ್ರವನ್ನು ಮನೆಯಲ್ಲಿ ಕಡಿಮೆ ಬೆಲೆಗೆ ಕೊಡಬೇಡಿ. ಒಮ್ಮೆ ಹಾಗೆ ಮಾಡಿದ ಕಲಾವಿದರನ್ನು ಗ್ಯಾಲರಿಯವರು ಮತ್ತೆ ಕರೆಯುವುದು ಕಷ್ಟ.

ವಿನ್ಯಾಸದ ಕೆಲಸ: ಅನ್ನದ ದಾರಿ

ಪುಸ್ತಕದ ಮುಖಪುಟ, ಅಂಗಡಿಯ ಲೋಗೋ, ಮದುವೆಯ ಆಮಂತ್ರಣ, ಹೋಟೆಲ್ ಗೋಡೆಯ ಚಿತ್ರ, ನಾಟಕದ ರಂಗಸಜ್ಜಿಕೆ. ಮಹಾನಗರದಲ್ಲಿ ಇವುಗಳಿಗೆ ಬೇಡಿಕೆ ಇದ್ದೇ ಇರುತ್ತದೆ. ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ಅನುಕೂಲ. ಪ್ರತಿ ನಗರದಲ್ಲೂ ಕನ್ನಡ ಸಂಘಗಳಿವೆ, ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತವೆ, ನಾಟಕ ಆಡಿಸುತ್ತವೆ. ಕನ್ನಡ ಅಕ್ಷರಗಳನ್ನು ಅಂದವಾಗಿ ಬರೆಯಬಲ್ಲ ವಿನ್ಯಾಸಕಾರರು ಪುಣೆಯಲ್ಲೋ ದೆಹಲಿಯಲ್ಲೋ ಎಷ್ಟು ಜನ ಸಿಕ್ಕಾರು? ಒತ್ತಕ್ಷರ ಎಲ್ಲಿ ಕೂರಬೇಕು, ದೀರ್ಘ ಎಷ್ಟು ಎಳೆಯಬೇಕು ಎಂಬುದು ಗೊತ್ತಿರುವುದೇ ನಿಮ್ಮ ಬಂಡವಾಳ.

ಆದರೆ ಸಂಘದ ಕೆಲಸವೆಂದು ಪುಕ್ಕಟೆ ಮಾಡಿಕೊಡುವ ಅಭ್ಯಾಸ ಬಿಡಿ. ಪ್ರೀತಿಗೆ ಮಾಡುವುದಾದರೆ ವರ್ಷಕ್ಕೆ ಒಂದು ಎಂದು ನೀವೇ ಮಿತಿ ಹಾಕಿಕೊಳ್ಳಿ. ಉಳಿದದ್ದಕ್ಕೆ ಒಂದು ಪುಟದ ಕರಾರು ಇರಲಿ. ಏನು ಮಾಡಿಕೊಡಬೇಕು, ಎಷ್ಟು ದಿನದಲ್ಲಿ, ಎಷ್ಟು ಸಲ ತಿದ್ದಿಕೊಡುತ್ತೀರಿ, ಎಷ್ಟು ಹಣ ಎಂಬ ನಾಲ್ಕು ಅಂಶ ಅದರಲ್ಲಿರಬೇಕು. ಅರ್ಧ ಹಣ ಮೊದಲೇ ಪಡೆದು ಕೆಲಸ ಶುರು ಮಾಡಿ. "ಇನ್ನೊಂದು ಚೂರು ಬದಲಾಯಿಸಿ" ಎಂಬ ಮಾತಿಗೆ ಕೊನೆಯೇ ಇಲ್ಲ. ಮೂರನೇ ತಿದ್ದುಪಡಿಯ ನಂತರ ಬೇರೆ ಹಣ ಎಂದು ಬರೆದಿದ್ದರೆ ಆ ಮಾತು ತಾನಾಗಿ ಕಡಿಮೆಯಾಗುತ್ತದೆ.

ವಾರದ ದಿನಗಳನ್ನೂ ಹಂಚಿಕೊಳ್ಳಬೇಕು. ವಿನ್ಯಾಸಕ್ಕೆ ಗಡುವು ಇರುತ್ತದೆ, ಚಿತ್ರಕ್ಕೆ ಇರುವುದಿಲ್ಲ. ಹಾಗಾಗಿ ಗಡುವಿನ ಕೆಲಸ ಚಿತ್ರದ ಸಮಯವನ್ನು ನುಂಗಿಹಾಕುತ್ತದೆ. ಬೆಳಗಿನ ಎರಡು ಗಂಟೆಯೋ ವಾರದಲ್ಲಿ ಎರಡು ದಿನವೋ, ಚಿತ್ರಕ್ಕೆಂದು ಇಟ್ಟದ್ದನ್ನು ಯಾವ ಗಿರಾಕಿಗೂ ಬಿಟ್ಟುಕೊಡಬೇಡಿ. ಅನ್ನದ ದಾರಿಯೇ ಊರಾಗಿಬಿಟ್ಟರೆ ಹೊರಟ ಉದ್ದೇಶ ಮರೆತುಹೋಗುತ್ತದೆ.

ಮಾರಿದ ಮೇಲೆ ಹಕ್ಕು ಯಾರದು?

ಇದು ಬಹಳ ಜನರಿಗೆ ತಿಳಿಯದ ವಿಷಯ, ಸ್ವಲ್ಪ ನಿಧಾನವಾಗಿ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ಮಾರುವುದು ಬೇರೆ, ಅದರ ಕೃತಿಸ್ವಾಮ್ಯವನ್ನು ಮಾರುವುದು ಬೇರೆ. ನೀವು ಸ್ವಂತವಾಗಿ ಬರೆದ ಚಿತ್ರವನ್ನು ಯಾರೋ ಕೊಂಡು ಗೋಡೆಗೆ ಹಾಕಿಕೊಳ್ಳಬಹುದು. ಅದನ್ನು ಕ್ಯಾಲೆಂಡರ್ ಮಾಡಿ ಮಾರಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಈ ಹಕ್ಕು ನಿಮ್ಮ ಜೀವಮಾನವಿಡೀ ಇರುತ್ತದೆ. ನಿಮ್ಮ ನಂತರ 60 ವರ್ಷ ನಿಮ್ಮ ವಾರಸುದಾರರಿಗೆ ಸೇರುತ್ತದೆ. ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೂ, ಯಾವ ಊರು-ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ.

ಎಚ್ಚರ ಬೇಕಾದದ್ದು ಎರಡು ಕಡೆ. ಹಣ ಕೊಟ್ಟು "ನಮಗೊಂದು ವರ್ಣಚಿತ್ರ ಬರೆದುಕೊಡಿ", "ನಮ್ಮ ತಂದೆಯ ಭಾವಚಿತ್ರ ಬರೆದುಕೊಡಿ" ಎಂದು ಬರೆಸಿಕೊಂಡರೆ, ಬೇರೆ ಕರಾರು ಇಲ್ಲದಿದ್ದಾಗ ಕೃತಿಸ್ವಾಮ್ಯದ ಮೊದಲ ಒಡೆಯರು ಬರೆಸಿಕೊಂಡವರೇ. ಹಾಗೆಯೇ ಸಂಬಳದ ಕೆಲಸದಲ್ಲಿದ್ದು, ಆ ಕೆಲಸದ ಭಾಗವಾಗಿ ಮಾಡಿದ ವಿನ್ಯಾಸ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ಆದ್ದರಿಂದಲೇ ಆ ಒಂದು ಪುಟದ ಕರಾರಿಗೆ "ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ" ಎಂಬ ಸಾಲನ್ನೂ ಸೇರಿಸಿ. ಬಾಯಿಮಾತು ಇಲ್ಲಿ ನಿಲ್ಲುವುದಿಲ್ಲ.

ಕೃತಿಸ್ವಾಮ್ಯ ಬರೆದುಕೊಟ್ಟ ಮೇಲೂ ನಿಮ್ಮಲ್ಲೇ ಉಳಿಯುವ ಹಕ್ಕೊಂದಿದೆ. ಇದು ನನ್ನ ಕೃತಿ ಎಂದು ಹೇಳಿಕೊಳ್ಳುವುದು, ಅದನ್ನು ವಿರೂಪಗೊಳಿಸಿ ನಿಮ್ಮ ಗೌರವಕ್ಕೆ ಕುಂದು ತರುವುದನ್ನು ತಡೆಯುವುದು. ಶಿಲ್ಪಿ ಅಮರ್ ನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ದೊಡ್ಡದೊಂದು ಕಂಚಿನ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಅದನ್ನು ಗೋಡೆಯಿಂದ ಕಿತ್ತು ಗೋದಾಮಿಗೆ ಹಾಕಲಾಯಿತು, ಭಾಗಗಳು ಹಾಳಾದವು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಶಿಲ್ಪವನ್ನು ಅವರಿಗೆ ಹಿಂತಿರುಗಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸರಕಾರಕ್ಕೆ ಹೇಳಿತು. ಹಣ ಪಡೆದು ಕೊಟ್ಟ ಮೇಲೂ ಕೃತಿ ಕಲಾವಿದನದ್ದೇ ಎಂದು ಎತ್ತಿ ಹಿಡಿದ ತೀರ್ಪು ಅದು.

ಮರುಮಾರಾಟದ ಪಾಲು ಎಂಬುದೂ ಕಾಯ್ದೆಯಲ್ಲಿದೆ. ನೀವು ಕೃತಿಸ್ವಾಮ್ಯದ ಮೊದಲ ಒಡೆಯರಾಗಿದ್ದು, ಮೂಲಚಿತ್ರ ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ನಿಮಗೋ ವಾರಸುದಾರರಿಗೋ ಪಾಲು ಕೇಳುವ ಹಕ್ಕಿದೆ. ಆ ಪಾಲು ಶೇಕಡ 10ನ್ನು ಮೀರುವಂತಿಲ್ಲ. ಕೇಳಬೇಕಾದರೆ ಚಿತ್ರ ಯಾರ ಕೈಗೆ ಹೋಯಿತು ಎಂಬುದು ಗೊತ್ತಿರಬೇಕಲ್ಲ? ಆ ನೋಟ್‌ಬುಕ್ಕು ಇಲ್ಲೂ ಕೆಲಸಕ್ಕೆ ಬರುತ್ತದೆ.

ಗ್ಯಾಲರಿ ತೆರೆಯುವುದಾದರೆ

ಗ್ಯಾಲರಿ ಎಂದರೆ ಬಿಳಿ ಗೋಡೆ, ಹಳದಿ ದೀಪ, ಉದ್ಘಾಟನೆಯ ದಿನದ ಸಮೋಸ-ಚಹಾ ಎಂದು ನಮಗೆ ಅನ್ನಿಸುತ್ತದೆ. ಹಳೆಯ ಗ್ಯಾಲರಿಗಳ ಚರಿತ್ರೆ ಬೇರೆಯೇ ಹೇಳುತ್ತದೆ.

ಮುಂಬಯಿಯ ಕೇಕೂ ಗಾಂಧಿ 1941ರಲ್ಲಿ ಶುರು ಮಾಡಿದ್ದು ಚಿತ್ರಗಳಿಗೆ ಕಟ್ಟು ಹಾಕುವ ಫ್ರೇಮಿನ ವ್ಯವಹಾರ. ಹೆಸರು ಕೆಮೋಲ್ಡ್. ಫ್ರೇಮು ಹೇಗೆ ಕಾಣುತ್ತದೆ ಎಂದು ತೋರಿಸಲು ಅದರೊಳಗೆ ಚಿತ್ರ ಬೇಕು. ಅಂದಿನ ಯುವ ಕಲಾವಿದರಿಗೆ ತೋರಿಸಲು ಜಾಗ ಬೇಕು. ಹೀಗೆ ಅವರ ಷೋರೂಮಿನಲ್ಲೇ ಹೊಸ ಚಿತ್ರಗಳು ಕಾಣಿಸಿಕೊಂಡವು. ಜಹಾಂಗೀರ್ ಕಟ್ಟಡದ ಮೊದಲ ಮಹಡಿಯಲ್ಲಿ ಗ್ಯಾಲರಿ ಕೆಮೋಲ್ಡ್ ತೆರೆದದ್ದು 1963ರಲ್ಲಿ. ಅಂದರೆ 22 ವರ್ಷ ಫ್ರೇಮಿನ ವ್ಯಾಪಾರ ನಡೆಸಿದ ಮೇಲೆ. ದೆಹಲಿಯ ಕನಾಟ್ ಪ್ಲೇಸಿನ ಧೂಮಿಮಲ್ ಗ್ಯಾಲರಿ 1936ರದ್ದು. ಅದರ ಹಿಂದೆ ಇದ್ದದ್ದೂ ಲೇಖನ ಸಾಮಗ್ರಿ ಮತ್ತು ಮುದ್ರಣದ ವ್ಯಾಪಾರ. ಚಿತ್ರ ಮಾರಾಟವಾಗದ ತಿಂಗಳಲ್ಲೂ ಅಂಗಡಿಯ ದೀಪ ಉರಿಯುವಂತೆ ಮಾಡಿದ್ದು ಫ್ರೇಮು, ಕಾಗದ, ಮಸಿ.

ಆದ್ದರಿಂದ ನಿಮಗೆ ನಮ್ಮ ಸಲಹೆ ಇಷ್ಟು. ದೊಡ್ಡ ಬಾಡಿಗೆಯ ಜಾಗ ಹಿಡಿಯುವ ಮೊದಲು ಮನೆಯ ಹಾಲಿನಲ್ಲಿ ತಿಂಗಳಿಗೊಮ್ಮೆ ಶನಿವಾರ, ಭಾನುವಾರ ಪ್ರದರ್ಶನ ಮಾಡಿ ನೋಡಿ. ಬಂದವರ ಹೆಸರು, ವಿಳಾಸ ಬರೆದುಕೊಳ್ಳಿ. ಕೊಳ್ಳದೆ ಹೋದವರನ್ನೂ ಮುಂದಿನ ಸಲ ಕರೆಯಿರಿ. ಎರಡನೇ, ಮೂರನೇ ಸಲ ಬಂದವರೇ ಕೊಳ್ಳುವವರಾಗುತ್ತಾರೆ. ಗ್ಯಾಲರಿಯ ನಿಜವಾದ ಆಸ್ತಿ ಈ ಹೆಸರುಗಳ ಪಟ್ಟಿ. ಜಾಗ ಹಿಡಿದ ಮೇಲೆ ಫ್ರೇಮ್ ಹಾಕಿಕೊಡುವುದು, ಮಕ್ಕಳಿಗೆ ಚಿತ್ರಕಲಾ ತರಗತಿ, ಮುದ್ರಿತ ಪ್ರತಿಗಳ ಮಾರಾಟ, ಇಂಥ ಒಂದು ಕೆಲಸ ಅದೇ ಛಾವಣಿಯಡಿ ನಡೆಯಲಿ.

ಬೇರೆ ಕಲಾವಿದರ ಚಿತ್ರ ಇಟ್ಟುಕೊಂಡಾಗ ನಿಮ್ಮ ಪಾತ್ರ ಬದಲಾಗುತ್ತದೆ. ಚಿತ್ರ ಒಳಗೆ ಬಂದ ದಿನವೇ ಒಂದು ರಸೀದಿ ಕೊಡಿ. ಅಳತೆ, ಬೆಲೆ, ನಿಮ್ಮ ಕಮಿಷನ್, ಹಿಂತಿರುಗಿಸುವ ದಿನ, ಹಾಳಾದರೆ ಯಾರ ಹೊಣೆ, ಮಾರಾಟವಾದ ಎಷ್ಟು ದಿನದಲ್ಲಿ ಹಣ ಎಂಬುದೆಲ್ಲ ಅದರಲ್ಲಿರಲಿ. ಕಲಾವಿದರ ಪಾಲು ನಿಮ್ಮ ಹಣವಲ್ಲ. ಅದನ್ನು ಬೇರೆ ಖಾತೆಯಲ್ಲಿಡಿ, ಈ ತಿಂಗಳ ಬಾಡಿಗೆಗೆ ಅದನ್ನು ಮುಟ್ಟಬೇಡಿ. ಕಲಾವಿದರಾಗಿ ನೀವು ಗ್ಯಾಲರಿಯಿಂದ ಏನು ಬಯಸುತ್ತಿದ್ದಿರೋ ಅದನ್ನೇ ನಡೆಸಿಕೊಡಿ.

ತೆರಿಗೆಯ ವಿಷಯ ಚುಟುಕಾಗಿ: ಕೈಯಿಂದ ಬರೆದ ಚಿತ್ರಗಳ ಮೇಲಿನ ಜಿಎಸ್‌ಟಿ ಶೇಕಡ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ವಿನ್ಯಾಸ ಸೇವೆಗೆ ಬೇರೆ ದರ. ನೋಂದಣಿ ಯಾವಾಗ ಬೇಕು ಎಂಬುದು ವಹಿವಾಟಿನ ಮೊತ್ತ ಮತ್ತು ರಾಜ್ಯದ ಮೇಲೆ ನಿಂತಿದೆ, ಲೆಕ್ಕಪರಿಶೋಧಕರನ್ನು ಒಮ್ಮೆ ಕಂಡು ಬನ್ನಿ. ಇನ್ನೊಂದು, ಯಾರಾದರೂ ಅಜ್ಜನ ಮನೆಯ ಅಟ್ಟದಿಂದ ಹಳೆಯ ಮೈಸೂರು ಶೈಲಿಯ ಚಿತ್ರ ತಂದು ಮಾರಿಕೊಡಿ ಎಂದರೆ ತಕ್ಷಣ ಒಪ್ಪಬೇಡಿ. 100 ವರ್ಷ ದಾಟಿದ ಚಿತ್ರ 1972ರ ಕಾಯ್ದೆಯಡಿ ಪ್ರಾಚ್ಯವಸ್ತು. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ನಿಮ್ಮ ಊರಿನಲ್ಲಿ ಎಲ್ಲಿ ನೋಡಬೇಕು?

ಮುಂಬಯಿಯಲ್ಲಿ ಜಹಾಂಗೀರ್‌ನ ಸಭಾಂಗಣಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಇಂದೇ ಅರ್ಜಿ ಹಾಕಿ, ಕಾಯುವ ಕಾಲದಲ್ಲಿ ಚಿತ್ರ ಬರೆಯಿರಿ. ಹೊರಗಿನ ಫುಟ್‌ಪಾತಿನಲ್ಲಿ ಚಿತ್ರ ಇಟ್ಟುಕೊಂಡು ಕೂರುವ ಕಲಾವಿದರ ಜತೆ ಒಂದು ಸಂಜೆ ಮಾತಾಡಿ, ಕೊಳ್ಳುವವರು ಏನು ಕೇಳುತ್ತಾರೆ ಎಂಬುದು ಅವರಷ್ಟು ಯಾರಿಗೂ ಗೊತ್ತಿಲ್ಲ. ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರದ ಕಲಾದಾಲನವಿದೆ. ಚೆನ್ನೈಯಲ್ಲಿ ಚೋಳಮಂಡಲದ ಜತೆಗೆ ಗ್ರೀಮ್ಸ್ ರಸ್ತೆಯ ಲಲಿತ ಕಲಾ ಅಕಾಡೆಮಿ ಇದೆ. ಹೈದರಾಬಾದಿನಲ್ಲಿ ಮಾಧಾಪುರದ ಸ್ಟೇಟ್ ಗ್ಯಾಲರಿ ಆಫ್ ಆರ್ಟ್, ದೆಹಲಿಯಲ್ಲಿ ಮಂಡಿ ಹೌಸ್ ಬಳಿಯ ರವೀಂದ್ರ ಭವನದ ಅಕಾಡೆಮಿ ಗ್ಯಾಲರಿಗಳಿವೆ. ಜನವರಿಯಲ್ಲಿ ಊರಿಗೆ ಹೋಗುವವರು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯನ್ನು ತಪ್ಪಿಸಬೇಡಿ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ತಾವೇ ನಿಂತು ಚಿತ್ರ ಮಾರುತ್ತಾರೆ. ನೋಡಲು ಮಾತ್ರವಲ್ಲ, ಮುಂದೊಮ್ಮೆ ಮಾರಲೂ ಹೋಗಬಹುದು.

ಕೆಲಸ ಬಿಡುವುದು ಯಾವಾಗ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಮನೆ ಖರ್ಚಿನ ಅರ್ಧವಾದರೂ ವಿನ್ಯಾಸ, ಪಾಠ, ಫ್ರೇಮು ಇಂಥ ಕೆಲಸದಿಂದ ಒಂದು ವರ್ಷ ಸತತವಾಗಿ ಬಂದಿದೆಯೇ? ಒಂದು ಚಿತ್ರವೂ ಮಾರಾಟವಾಗದಿದ್ದರೆ ಹನ್ನೆರಡು ತಿಂಗಳು ನಡೆಸುವಷ್ಟು ಗಂಟು ಬ್ಯಾಂಕಿನಲ್ಲಿದೆಯೇ? ಬಂಧುಗಳಲ್ಲದ, ಸ್ನೇಹಿತರಲ್ಲದ ಯಾರಾದರೂ ನಿಮ್ಮ ಎರಡನೇ ಚಿತ್ರ ಕೊಂಡಿದ್ದಾರೆಯೇ? ಮೂರಕ್ಕೂ ಹೌದು ಎಂದಾದರೆ ಮನೆಯವರ ಮುಂದೆ ನೋಟ್‌ಬುಕ್ಕು ಬಿಚ್ಚಿಡಿ. ಮಾತಿಗಿಂತ ಲೆಕ್ಕ ಬೇಗ ಒಪ್ಪಿಸುತ್ತದೆ. ಇಲ್ಲ ಎಂದಾದರೆ ಬೇಸರ ಬೇಡ. ಭಾನುವಾರದ ಕುಂಚವನ್ನು ಬುಧವಾರ ಸಂಜೆಗೂ ವಿಸ್ತರಿಸಿ, ಮುಂದಿನ ವರ್ಷ ಮತ್ತೆ ಕೇಳಿಕೊಳ್ಳಿ.

ಮಗಳೋ ಮಗನೋ ಈ ದಾರಿ ಹಿಡಿಯುತ್ತೇನೆ ಎಂದಾಗ "ಬೇಡ" ಎನ್ನುವ ಬದಲು "ಜತೆಗೆ ಯಾವ ಕಸುಬು ಕಲಿಯುತ್ತೀಯ?" ಎಂದು ಕೇಳಿ ನೋಡಿ. ಮುದ್ರಣವೋ, ಅಕ್ಷರ ವಿನ್ಯಾಸವೋ, ಪಾಠ ಹೇಳುವುದೋ, ಯಾವುದಾದರೂ ಸರಿ. ಚೋಳಮಂಡಲದವರು ಮೇಣ ಕಾಯಿಸಿ ಬಟ್ಟೆಗೆ ಬಣ್ಣ ಹಾಕಿದ್ದು ಚಿತ್ರವನ್ನು ಬಿಡಲು ಅಲ್ಲ, ಉಳಿಸಿಕೊಳ್ಳಲು.

ನಿಮ್ಮ ಕೈಗೆ ಬಣ್ಣ ಅಂಟಲಿ, ಮನೆಯ ಒಲೆಯೂ ಉರಿಯಲಿ.